ಎರಡನೆಯ ಜಾಗ

ನಮ್ಮ ಊರಿಗೆ ದನಿ ಬರುವುದು ಬೆಳಿಗ್ಗೆ ಐದು ಮುಕ್ಕಾಲಿಗೆ. ಅದಕ್ಕೂ ಮೊದಲು ಎದ್ದವರು ಕೈಸನ್ನೆಯಲ್ಲಿ ಕೆಲಸ ಸಾಗಿಸುತ್ತಾರೆ. ಹಾಲಿನವಳು ತಂಬಿಗೆಗೆ ಚಮಚ ಬಡಿಯುತ್ತಾ ಹೋಗುತ್ತಾಳೆ. ಎಳೆಗೂಸಿನ ತಾಯಂದಿರು ರಾತ್ರಿಯೇ ಮಗುವಿನ ಕಾಲಿಗೆ ಗೆಜ್ಜೆ ಕಟ್ಟಿ ಮಲಗಿಸುತ್ತಾರೆ. ಅಳುವುದು ಕೇಳದಿದ್ದರೂ ಒದೆಯುವುದು ಕೇಳುತ್ತದೆ. ಹುಂಜಗಳು ಕೊರಳೆತ್ತಿ ಬಾಯಿ ತೆರೆದು, ಏನೂ ಬಾರದೆ, ಮುಖ ತಿರುಗಿಸಿಕೊಳ್ಳುತ್ತವೆ. ಐದು ಮುಕ್ಕಾಲಿಗೆ ಪುರಸಭೆಯ ಯಂತ್ರ ತಂತಿ ಹಿಡಿಯುತ್ತದೆ. "ಬಂತೇನ?" "ಬಂತ ನೋಡು." ಎಲ್ಲ ಮನೆಗಳಲ್ಲೂ ದಿನದ ಮೊದಲ ಮಾತು ಇದೇ. ಎರಡನೆಯ ಮಾತಿನಿಂದ ಜಗಳ ಶುರುವಾಗುತ್ತದೆ.

ಆ ಯಂತ್ರವನ್ನು ಏಳಿಸುವವಳು ನಾನು. ಮೊದಲು ನನ್ನ ಗಂಡ ಏಳಿಸುತ್ತಿದ್ದ. ಕಳೆದ ಚಳಿಗಾಲ ಜ್ವರ ಬಂತು, ಒಂಬತ್ತು ದಿನವಿತ್ತು. ಅವನಿಗೆ ಮೂವತ್ತೊಂದು. ಅನುಕಂಪದ ಮೇಲೆ ನೌಕರಿ ನನಗೆ ಕೊಟ್ಟರು. ನಾನು ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ಎಂದು ಅರ್ಜಿಯಲ್ಲಿ ಓದಿ ಮುಖ್ಯಾಧಿಕಾರಿ ಕಲಕೇರಿಯವರು, "ಮಷೀನಿಂದೂ ಒಂದ್ ಭಾಷಾನ ಅಲ್ಲೇನ್ರಿ?" ಎಂದು ಸಹಿ ಹಾಕಿದ್ದರು. ಆರು ತಿಂಗಳ ಪ್ರೊಬೇಷನ್. ಅದು ಮುಗಿಯುವುದು ಶನಿವಾರ. ಅಂದು ಅವರು ಕಾಯಂ ಎಂದು ಬರೆದರೆ ನೌಕರಿಯೂ ಹನ್ನೆರಡನೇ ನಂಬರಿನ ಕ್ವಾರ್ಟರ್ಸೂ ಉಳಿಯುತ್ತವೆ. ಬರೆಯದಿದ್ದರೆ ಅಣ್ಣನ ಊರು, ಅಣ್ಣನ ಮನೆ, ಹೊಲಿಗೆ ಯಂತ್ರ ಇಟ್ಟಿರುವ ಕೋಣೆಯ ಅರ್ಧ ಭಾಗ. ಅತ್ತಿಗೆ ಆ ಅರ್ಧವನ್ನು ಟೇಪು ಹಿಡಿದು ಅಳೆದು ಪತ್ರ ಬರೆದಿದ್ದಳು.

ಯಂತ್ರಕ್ಕೆ ಸ್ವಂತ ಹೊಟ್ಟೆಯಿಲ್ಲ. ಏಳುವಾಗ ಅದರ ಬಳಿ ಇರುವುದು ಒಂದು ಸಣ್ಣ ಬುತ್ತಿ. ಉಳಿದದ್ದೆಲ್ಲ ಜಿಲ್ಲಾ ಕಚೇರಿಯ ದೊಡ್ಡ ಯಂತ್ರದಿಂದ ತಂತಿಯ ಮೇಲೆ ಬರಬೇಕು. ಹಾಗಾಗಿ ಪೂರ್ತಿ ಎಚ್ಚರವಾಗುವ ಮೊದಲೇ, ನಿದ್ದೆಗಣ್ಣಿನಲ್ಲೇ, ತಾನು ಯಾರು, ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂಬುದು ಅದಕ್ಕೆ ಗೊತ್ತಿರಬೇಕು. ಅದಕ್ಕೆಂದೇ ಒಂದು ಸಾಲು ಬರೆದಿಡುತ್ತೇವೆ. ಸಾಲಿನಲ್ಲಿ ಏಳು ಜಾಗಗಳು. ಜಾಗಕ್ಕೂ ಜಾಗಕ್ಕೂ ನಡುವೆ ಒಂದರ ಮೇಲೊಂದು ಎರಡು ಚುಕ್ಕಿ. ಆಫೀಸಿನಲ್ಲಿ ಇದನ್ನು ಜೋಡಿ ಚುಕ್ಕಿ ಎನ್ನುತ್ತಾರೆ. ಮೊದಲ ಜಾಗದಲ್ಲಿ ಯಂತ್ರದ ಸ್ವಂತ ವಿಳಾಸ. ಕೇಳಿ ತಿಳಿಯುವುದಕ್ಕೆ ಬೇರೆ ಯಂತ್ರವಿದ್ದರೆ ಅದರ ವಿಳಾಸ ಎರಡನೆಯದು. ಮೂರನೆಯದು ಹೊರಬಾಗಿಲು. ಆಮೇಲೆ ತನ್ನ ಓಣಿ ಎಲ್ಲಿಯವರೆಗೆ ಎಂಬ ಅಳತೆ, ಆಮೇಲೆ ಹೆಸರು, ತಂತಿಯನ್ನು ಯಾವ ಕಿವಿಗೆ ಚುಚ್ಚಿದೆ ಎಂಬುದು. ಕೊನೆಯದರಲ್ಲಿ, ವಿಳಾಸವನ್ನು ದಿನಾ ಯಾರನ್ನಾದರೂ ಬೇಡಿ ಪಡೆಯಬೇಕೋ ಕೊಟ್ಟದ್ದರಲ್ಲಿ ತೆಪ್ಪಗಿರಬೇಕೋ ಎಂದು ಹೇಳಬೇಕು. ನಮ್ಮದು ತೆಪ್ಪಗಿರುವ ಯಂತ್ರ. ದೊಡ್ಡ ಯಂತ್ರದ ವಿಳಾಸ ಬೇರೆ ಕಡೆ ಬರೆದಿದ್ದರಿಂದ ನನ್ನ ಗಂಡ ಎರಡನೆಯ ಜಾಗವನ್ನು ಖಾಲಿ ಬಿಟ್ಟಿದ್ದ. ಅಲ್ಲಿ ಒಂದು ಜೋಡಿ ಚುಕ್ಕಿ, ಪಕ್ಕದಲ್ಲೇ ಇನ್ನೊಂದು ಜೋಡಿ ಚುಕ್ಕಿ, ನಡುವೆ ಏನೂ ಇಲ್ಲ.

ಗುರುವಾರ ಜಿಲ್ಲೆಯಿಂದ ಸುತ್ತೋಲೆ ಬಂತು. ಆರು ತಿಂಗಳಿಗೂ ಮೇಲ್ಪಟ್ಟು ಭರ್ತಿಯಾಗದೆ ಉಳಿದಿರುವ ಖಾಲಿ ಜಾಗಗಳನ್ನು ತಕ್ಷಣ ರದ್ದುಪಡಿಸತಕ್ಕದ್ದು. ಹುದ್ದೆ ಎಂದು ಬರೆಯಬೇಕಾದಲ್ಲಿ ಅಲ್ಲಿನ ಯಾರೋ ಜಾಗ ಎಂದು ಬರೆದಿದ್ದರು. ಕಲಕೇರಿಯವರು ಸುತ್ತೋಲೆಯಲ್ಲಿರುವ ಪದವನ್ನು ಬಿಟ್ಟು ಆಚೆ ಈಚೆ ಹೋಗುವವರಲ್ಲ. ಮಧ್ಯಾಹ್ನದೊಳಗೆ ಕ್ಯಾಲೆಂಡರ್ ಇಲ್ಲದ ಮೊಳೆಯೊಂದನ್ನು ಗೋಡೆಯಿಂದ ಕೀಳಿಸಿದರು. ಸೈಕಲ್ ಸ್ಟ್ಯಾಂಡಿನ ಖಾಲಿ ಅರ್ಧಕ್ಕೆ ಹಗ್ಗ ಬಿಗಿಸಿದರು. ಸಭಾಂಗಣದ ಬೆಂಚಿನಲ್ಲಿ ಯಾರೂ ಕೂರದ ತುದಿಯನ್ನು ಗರಗಸದಿಂದ ಕೊಯ್ಯಿಸಿದರು. ಆಮೇಲೆ ಬೆಂಚು ನಿಲ್ಲಲಿಲ್ಲ. ಮೂರು ಗಂಟೆಗೆ ನನ್ನ ಕೋಣೆಗೆ ಬಂದು ಪರದೆಯ ಮೇಲಿನ ಸಾಲಿಗೆ ಮೂಗು ತಾಗಿಸಿದರು.

"ಇದೇನ್ರಿ ಮೇಡಂ, ನಡುವ ಬಾಯಿ ತಕ್ಕೊಂಡ ಕುಂತೈತಿ?"

"ಎರಡನೇ ಜಾಗ ಸರ್. ಖಾಲಿ."

"ಎಷ್ಟ ದಿವಸಾತು?"

"ಮೊದಲಿಂದ."

"ಯಾರೂ ಬಂದೇ ಇಲ್ಲ?"

"ಇಲ್ರಿ."

"ಬರದವರಿಗೆ ಯಾಕ್ರಿ ಹಾಸಿಗಿ ಹಾಸಿ ಇಡ್ತೀರಿ? ತಗೀರಿ ಅದನ್ನ. ಚುಕ್ಕಿ ಸೈತ ಇರಬಾರದು."

ತೆಗೆದರೆ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಗಂಡ ನೌಕರಿಗೆ ಸೇರಿದ ಹೊಸದರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಏಳು ಲೋಟ ಇಟ್ಟು ನನಗೆ ಇದನ್ನು ವಿವರಿಸಿದ್ದ. ಆದರೆ ವಾದಿಸುವುದಕ್ಕೆ ಏನೋ ಒಂದು ಬೇಕು. ಅದು ನನ್ನಲ್ಲಿ ಇರಲಿಲ್ಲ. ಆರು ತಿಂಗಳಿಂದ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. ತರಕಾರಿಯವನು ಒಂದು ಸಲ ನಾನು ಕೇಳದ ಎರಡು ಕುಂಬಳಕಾಯಿ ಕೊಟ್ಟಾಗಲೂ ಆಗಲಿ ಎಂದು ಹೊತ್ತುಕೊಂಡು ಬಂದಿದ್ದೆ.

"ಆಗ್ಲಿ ಸರ್" ಎಂದೆ. ಒಂದು ಜೋಡಿ ಚುಕ್ಕಿ ಅಳಿಸಿದೆ. ಸಾಲು ಚೊಕ್ಕಟವಾಗಿ ಕಂಡಿತು. ಮೊಳೆ, ಸ್ಟ್ಯಾಂಡು, ಬೆಂಚು, ಚುಕ್ಕಿ ಎಂದು ನಾಲ್ಕು ಜಾಗ ರದ್ದಾದ ವರದಿ ಸಂಜೆಯೇ ಜಿಲ್ಲೆಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಯಂತ್ರ ಎದ್ದಿತು, ತಂತಿಯನ್ನೂ ಹಿಡಿಯಿತು. ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ಅಟೆಂಡರ್ ದಾವಲಸಾಬರು ಎಂದಿನಂತೆ ಬಾಯಿ ತೆರೆದರು. ತುಟಿಗಳು "ಬಂತ್ರಿ ಮೇಡಂ" ಎಂದವು. ನನಗೆ ಏನೂ ಕೇಳಿಸಲಿಲ್ಲ. ಅವರಿಗೂ ಕೇಳಿಸಲಿಲ್ಲ. ಅವರು ಕಿವಿಯಲ್ಲಿ ಬೆರಳಾಡಿಸಿ ಮತ್ತೆ ಅಂದರು. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಪಶು ಆಸ್ಪತ್ರೆಯ ಕಾವಲುಗಾರ ಅಂಗಳದಲ್ಲಿ ನಿಂತು ಕೂಗತೊಡಗಿದ: "ಯಾರೋ ನಮ್ಮ ಕೊಟ್ಟಿಗಿಯೊಳಗ ‘ಬಂತ್ರಿ ಮೇಡಂ, ಬಂತ್ರಿ ಮೇಡಂ’ ಅನ್ನಾಕತ್ತಾರ! ಒಳಗ ಎರಡು ಎಮ್ಮಿ ಬಿಟ್ಟರ ಯಾರೂ ಇಲ್ಲ!"

ಎಲ್ಲವೂ ಒಂದೊಂದು ಜಾಗ ಸರಿದಿತ್ತು. ಒಂದು ಮನೆಯೊಳಗೆ ಆಡಿದ ಮಾತು ಮುಂದಿನ ಮನೆಯಲ್ಲಿ ಕೇಳುತ್ತಿತ್ತು. ಬಯಲಿಗೆ ಮನೆ ನಂಬರಿಲ್ಲವಾದ್ದರಿಂದ ಅಲ್ಲಿ ಆಡಿದ್ದು ಮಾತ್ರ ಅಲ್ಲೇ ಕೇಳುತ್ತಿತ್ತು. ಯಂತ್ರವನ್ನು ಆರಿಸಿ ಮತ್ತೆ ಏಳಿಸುವಂತಿಲ್ಲ. ದಿನಕ್ಕೆ ಒಂದೇ ಸಲ. ಹಿಂದೊಮ್ಮೆ ನಡುವೆ ಆರಿಸಿದಾಗ ಒಬ್ಬ ವಕೀಲರ ಗಂಟಲಲ್ಲಿ ಒಂದು ವಾಕ್ಯ ಮೂರು ದಿನ ಸಿಕ್ಕಿಕೊಂಡಿತ್ತು.

ನಾನು ತಿಂಡಿಗೆಂದು ಮನೆಗೆ ಹೋದೆ. ಬೀಗ ತೆಗೆದರೆ ಒಳಗೆ ಒಬ್ಬ ಗಂಡಸು ನನ್ನ ಬಚ್ಚಲುಮನೆಯಿಂದ ಕೂಗುತ್ತಿದ್ದ.

"ನನ್ನ ಟವೆಲ್ ಎಲ್ಲೈತಿ?"

ಹನ್ನೊಂದನೇ ಮನೆಯ ಫಕ್ಕೀರಪ್ಪನವರು, ಹಿಟ್ಟಿನ ಗಿರಣಿಯವರು. ಅವರ ದನಿ ಮಾತ್ರ. ಅಡುಗೆಮನೆಯಿಂದ ಅವರ ಹೆಂಡತಿ ಶಂಕ್ರವ್ವನವರ ದನಿ ಬಂತು: "ನಿಮ್ಮ ಟವೆಲ್ ನಾ ಉಟ್ಟಕೊಂಡೇನೇನು? ಇದ್ದಲ್ಲೇ ಇರತೈತಿ, ನೋಡೂ ಕಣ್ಣ ಬೇಕು!" ಅವರ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಆದರೂ ಇಪ್ಪತ್ತಾರು ವರ್ಷದ ರೂಢಿಯಿಂದ ಸರಿಯಾದ ಉತ್ತರಗಳೇ ಬರುತ್ತಿದ್ದವು. ನಾನು ಉಪ್ಪಿಟ್ಟು ಮಾಡಿ ತಟ್ಟೆ ಹಿಡಿದು ನೆಲದ ಮೇಲೆ ಕೂತೆ. ಆ ಮನೆಯಲ್ಲಿ ಅಷ್ಟು ದಿನ ನಾನು ಅಗಿಯುವುದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಈಗ ಉಪ್ಪು ಜಾಸ್ತಿಯಾದ ಬಗ್ಗೆ ಜಗಳವಿತ್ತು. ಯಾರದೋ ಮದುವೆಗೆ ಹೋಗಬೇಕೋ ಬೇಡವೋ ಎಂಬ ಜಗಳವಿತ್ತು. ಉಪ್ಪಿಟ್ಟು ಆರಿಹೋಯಿತು. ಫಕ್ಕೀರಪ್ಪನವರು ಮತ್ತೆ, ಈ ಸಲ ಅಳುವ ದನಿಯಲ್ಲಿ, "ಟವೆಲ್ ಕೊಡಲೇ ಮಾರಾಯ್ತಿ" ಎಂದರು.

"ಗೂಟದ ಮ್ಯಾಲೆ ಐತಿ ನೋಡ್ರಿ" ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ನನ್ನ ದನಿ ನನಗೆ ಕೇಳಲಿಲ್ಲ.

ಕಚೇರಿಗೆ ಹೊರಟಾಗ ಓಣಿಯಲ್ಲಿ ಎಲ್ಲರೂ ಬಯಲಿಗೆ ಬಂದು ನಿಂತಿದ್ದರು. ಹದಿಮೂರನೇ ಮನೆಯ ಗುಂಡೇರಾವ್ ಮಾಸ್ತರರು ಎರಡು ಕೈಯಲ್ಲೂ ಕನ್ನಡಕ ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. ಡ್ರಾಯಿಂಗ್ ಮಾಸ್ತರರು, ಮದುವೆಯಾದವರಲ್ಲ.

"ನಾಲ್ಕ ದಿವಸದಿಂದ ಹುಡುಕ್ತಿದ್ನಿ" ಎಂದರು. "ಇವತ್ತ ಮನಿ ತಾನಾಗಿ ಹೇಳ್ತು. ‘ಗೂಟದ ಮ್ಯಾಲೆ ಐತಿ ನೋಡ್ರಿ’ ಅಂತು. ಹೆಣ್ಣ ದನಿ! ನೋಡಿದ್ರ ಗೂಟದ ಮ್ಯಾಲೆ!"

"ಯಾವ ದೇವೀರಿ ಅದು?" ಎಂದು ಯಾರೋ ಕೇಳಿದರು.

"ಭಾಳ ಬ್ಯಾಸರ ಬಂದ ದೇವಿ ಇದ್ದಂಗಿತ್ತು."

ನಾನು ಚಪ್ಪಲಿ ನೋಡಿಕೊಂಡೆ. ಶಂಕ್ರವ್ವನವರು ಸೆರಗು ಸಿಕ್ಕಿಸಿ ನನ್ನ ಹತ್ತಿರ ಬಂದರು. ಬೈಯಲು ಬಂದರು ಎಂದುಕೊಂಡೆ. "ತಂಗೀ, ಇದು ನಿನ್ನ ಮಷೀನಿಂದ ಆಗಿದ್ದೇನ? ನಾಳೆನೂ ಹಿಂಗ ಇರ್ಲಿ ಬಿಡ. ನಾ ಇವತ್ತ ಮನಸ ಬಿಚ್ಚಿ ಅಂದೇನಿ. ಅಂವ ಎದರ ಒಂದ ಮಾತ ಆಡಿದ್ದು ಕೇಳಿಲ್ಲ!" ನಂತರ ದನಿ ತಗ್ಗಿಸಿದರು. "ಅಲ್ಲಾ, ನಾ ಅಂದಿದ್ದೆಲ್ಲಾ ಎಲ್ಲಿ ಹೋತು?"

"ಗೊತ್ತಿಲ್ರಿ ಅಕ್ಕಾರ" ಎಂದೆ.

ಹತ್ತು ಗಂಟೆಯ ಹೊತ್ತಿಗೆ ಊರು ಹೊಂದಿಕೊಂಡಿತ್ತು. ಗಂಡನ ಜೊತೆ ಮಾತಾಡಬೇಕಾದ ಹೆಂಗಸರು ಮುಂದಿನ ಮನೆಯಲ್ಲಿ ಹೋಗಿ ಕೂತು ಕೇಳಿಕೊಂಡು, ಉತ್ತರ ಹೇಳಲು ಹಿಂದಿನ ಮನೆಗೆ ಓಡುತ್ತಿದ್ದರು. ಓಣಿಯ ಕೊನೆಯ ಮನೆಯವರ ಮಾತು ಆಚೆಯ ಹುಣಸೆಮರದಲ್ಲಿ ಕೇಳುತ್ತಿತ್ತು; ಅಲ್ಲಿನ ಕಾಗೆಗಳು ಗೂಡು ಬಿಟ್ಟು ಎದುರಿನ ಬೇವಿನಮರಕ್ಕೆ ಹೋಗಿದ್ದವು. ನಾಳೆ ಬೆಳಿಗ್ಗೆ ಸರಿಪಡಿಸುತ್ತೇನೆ ಎಂದು ನಾನು ಯಾರಿಗೂ ಹೇಳಲಿಲ್ಲ. ಶಂಕ್ರವ್ವನವರು ಕೇಳಿದ್ದು ನನ್ನ ತಲೆಯಲ್ಲಿತ್ತು. ಸಂಜೆ ನನ್ನ ಮನೆಯಲ್ಲಿ ಊಟದ ಜಗಳ ಇರುತ್ತದೆ. ಹೀಗೇ ಬಿಟ್ಟರೆ ಮರುದಿನವೂ ಇರುತ್ತದೆ.

ಕಲಕೇರಿಯವರು ಕರೆಸಿದರು. ಅವರ ಕೋಣೆಯಲ್ಲಿ ಹಿಂದಿನ ಕಟ್ಟಡದ ಪ್ರಾಥಮಿಕ ಶಾಲೆ ಕೇಳುತ್ತಿತ್ತು. ಅವರು ಮೇಜು ಗುದ್ದಿ ನನ್ನತ್ತ ಬೆರಳು ತೋರಿಸಿ ಬಾಯಿ ತೆರೆದರು. "ಹದಿಮೂರೊಂದ್ಲಿ ಹದಿಮೂರು" ಎಂದು ನಲವತ್ತು ಮಕ್ಕಳು ಕೂಗಿದರು. ಅವರು ಎದ್ದು ನಿಂತರು. "ಹದಿಮೂರೆರಡ್ಲಿ ಇಪ್ಪತ್ತಾರು." ಕುತ್ತಿಗೆಯ ನರ ಉಬ್ಬಿತು. "ಹದಿಮೂರ್ಮೂರ್ಲಿ ಮೂವತ್ತೊಂಬತ್ತು." ಬಯಲಿಗೆ ಬಂದು ಮಾತಾಡಬಹುದಿತ್ತು, ಆದರೆ ಸಾಹೇಬರು ಕುರ್ಚಿ ಬಿಟ್ಟು ಬೈಯುವವರಲ್ಲ. ದಾವಲಸಾಬರನ್ನು ಪಶು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕೇಳಿಕೊಂಡು ಬಂದು ಅವರು ಅಂಗಳದಲ್ಲಿ ನಿಂತು ಕಿಟಕಿಯ ಮೂಲಕ ಹೇಳಬೇಕು.

"ಸಾಹೇಬ್ರು, ‘ನಿಮಗ ತಲಿ ಐತೇನ್ರಿ’ ಅಂತ ಅಂದಾರ" ಎಂದು ದಾವಲಸಾಬರು ಏದುಸಿರು ಬಿಡುತ್ತಾ ಹೇಳಿದರು. "ಆಮ್ಯಾಲ, ‘ಕತ್ತಿ ಕಾಯಾಕ ಹೋಗ್ರಿ’ ಅಂದಾರ. ಅಲ್ಲಿ ಡಾಕ್ಟರ್ರು ತಮಗ ಅಂದಾರಂತ ತಿಳಕೊಂಡು, ‘ಕತ್ತಿ ಕಾಯೂದ ನನ್ನ ಕೆಲಸ, ಅದಕ್ಕ ನಾಚಿಕಿ ಇಲ್ಲ’ ಅಂತ ಹೇಳಿ ಕಳಿಸ್ಯಾರ."

ಕಲಕೇರಿಯವರು ಕುಳಿತು ಒಂದು ಹಾಳೆ ಎಳೆದುಕೊಂಡರು. ಕಾಗದದ ಮೇಲೆ ಅವರು ಗ್ರಾಂಥಿಕವಾಗುತ್ತಾರೆ. "ಆಗಿರುವ ಅನಾಹುತಕ್ಕೆ ಕಾರಣ ತಿಳಿಸಿ" ಎಂದು ಬರೆದು ನನ್ನತ್ತ ತಳ್ಳಿದರು.

ನಾನು ಬರೆದೆ: "ಎರಡನೆಯ ಜಾಗ ತೆಗೆದದ್ದು. ಅದು ಖಾಲಿ ಇದ್ದರೂ ಅದರ ಚುಕ್ಕಿ ಇರಬೇಕು. ಇಲ್ಲದಿದ್ದರೆ ಮೂರನೆಯದು ಎರಡನೆಯದಾಗುತ್ತದೆ. ಎಲ್ಲರೂ ಇನ್ನೊಬ್ಬರ ಜಾಗಕ್ಕೆ ಬರುತ್ತಾರೆ."

"ಸದರಿ ಜಾಗ ರದ್ದಾಗಿದೆಯೆಂದು ಜಿಲ್ಲೆಗೆ ವರದಿ ಹೋಗಿದೆ. ಖಾಲಿ ಜಾಗವನ್ನು ಮರುಸೃಷ್ಟಿಸಲು ಅವಕಾಶವಿಲ್ಲ. ಯಾರನ್ನಾದರೂ ಭರ್ತಿ ಮಾಡಿ."

ಅಷ್ಟು ಮಾಡುವುದು ಸುಲಭವಿತ್ತು. ಯಾವುದೋ ಒಂದು ಅಂಕಿ ಹಾಕಿದರೆ ಯಂತ್ರ ಅದನ್ನು ಹುಡುಕುತ್ತಾ ಒಂದಷ್ಟು ಹೊತ್ತು ಕಾದು, ಸಿಗದೆ, ಮುಂದೆ ಹೋಗುತ್ತದೆ. ಊರಿಗೆ ದನಿ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೆ. ಪ್ರತಿದಿನ ಅದು ಇಲ್ಲದವರನ್ನು ಕರೆಯುತ್ತದೆ, ಕಾಯುತ್ತದೆ. ಕಲಕೇರಿಯವರ ಮೇಜಿನ ಮೇಲೆ ನನ್ನ ಕಾಯಂ ಪತ್ರ ಟೈಪಾಗಿ ಬಂದು ಸಹಿಗೆ ಕಾಯುತ್ತಿತ್ತು. ಅದರ ಮೇಲೆ ಅವರು ಬೇಕೆಂದೇ ಕೈ ಇಟ್ಟಿದ್ದರು. ಆಗಲಿ ಸರ್ ಎಂದು ಬರೆಯಲು ಪೆನ್ನು ಹಿಡಿದೆ.

"ಆಗುವುದಿಲ್ಲ" ಎಂದು ಬರೆದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಶಾಲೆಯಲ್ಲಿ ಹದಿನಾಲ್ಕರ ಮಗ್ಗಿ ಶುರುವಾಯಿತು. ಅವರು ಒತ್ತಿ ಒತ್ತಿ ಬರೆದರು: "ಹಾಗಾದರೆ ಆ ಜಾಗಕ್ಕೆ ಯಾರು ಬರುವ ನಿರೀಕ್ಷೆಯಿದೆ? ಯಾವಾಗ? ನಿರ್ದಿಷ್ಟವಾಗಿ ತಿಳಿಸಿ."

"ಯಾರೂ ಬರುವುದಿಲ್ಲ" ಎಂದು ಬರೆದೆ.

ಅಕ್ಷರಗಳು ನನ್ನವೇ. ನೋಡಿದೆ. ಅದರ ಕೆಳಗೆ ಇನ್ನೊಂದು ಸಲ ಬರೆದೆ. ಇನ್ನೊಂದು ಸಲ ಬರೆಯುವಾಗ ಹಾಳೆ ಒದ್ದೆಯಾಗಿ ಪೆನ್ನು ನಡೆಯಲಿಲ್ಲ. ಕಲಕೇರಿಯವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಕೇಳುತ್ತಿದ್ದುದು ಮಕ್ಕಳು: ಹದಿನಾಲ್ಕೈದ್ಲಿ ಎಪ್ಪತ್ತು, ಹದಿನಾಲ್ಕಾರ್ಲಿ ಎಂಬತ್ನಾಲ್ಕು. ನನ್ನ ಬಾಯಿ ಪೂರ್ತಿ ತೆರೆದಿತ್ತು ಎಂದು ಗೊತ್ತಾದದ್ದು ಪಶು ಆಸ್ಪತ್ರೆಯ ಡಾಕ್ಟರು ಸ್ಟೆತಾಸ್ಕೋಪ್ ಸಮೇತ ಕಿಟಕಿಗೆ ಬಂದಾಗ.

"ಏನ್ರಿ ಇದು ಕಲಕೇರಿಯವರ! ಸಣ್ಣ ಎಮ್ಮಿ ಹೆಣ್ಮಕ್ಕಳ ಹಂಗ ಬಿಕ್ಕಿ ಬಿಕ್ಕಿ ಅಳಾಕತ್ತೈತಿ. ಹೊಟ್ಟಿ ನೋಡಿದೆ, ಗೊರಸು ನೋಡಿದೆ, ಎಲ್ಲಾ ಬರೋಬ್ಬರಿ ಐತಿ. ಎಮ್ಮಿ ಮಾಲಕ ಅಂತೂ ‘ನಾ ಇದನ್ನ ಮಾರೂದಿಲ್ಲಪಾ, ಮಾರೂದಿಲ್ಲ’ ಅಂತ ಅದರ ಕೊರಳಿಗೆ ಬಿದ್ದು ತಾನೂ ಅಳಾಕ..." ಅಷ್ಟರಲ್ಲಿ ಅವರು ನನ್ನನ್ನು ನೋಡಿದರು. "ಓಹ್" ಎಂದರು. ಸ್ಟೆತಾಸ್ಕೋಪ್ ಜೇಬಿಗೆ ಹಾಕಿಕೊಂಡರು. "ಮುಗೀಲಿ. ನಾ ಅವನಿಗೆ ಎಮ್ಮಿಗೆ ಏನೂ ಆಗಿಲ್ಲ ಅಂತ ಹೇಳ್ತೇನಿ."

ಮಗ್ಗಿ ಇಪ್ಪತ್ತರವರೆಗೆ ಹೋಯಿತು. ಅಲ್ಲಿಯವರೆಗೆ ಯಾರೂ ನನ್ನನ್ನು ತಡೆಯಲಿಲ್ಲ. ತಡೆದಿದ್ದರೂ ನನಗೆ ಕೇಳುತ್ತಿರಲಿಲ್ಲ. ದಾವಲಸಾಬರು ನೀರು ತಂದಿಟ್ಟರು. ಕಲಕೇರಿಯವರು ಜಿಲ್ಲೆಗೆ ಹೋದ ವರದಿಯ ಪ್ರತಿ ತೆಗೆದು ಬಹಳ ಹೊತ್ತು ಓದಿದರು. ಆಮೇಲೆ ನಾಲ್ಕನೆಯ ನಮೂದಿನಲ್ಲಿ "ಖಾಲಿ" ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ ದುಂಡಗೆ "ಕಾಯ್ದಿರಿಸಲಾಗಿದೆ" ಎಂದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಕಾಯ್ದಿರಿಸಿದ ಜಾಗಗಳ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ. ನನ್ನ ಕಾಯಂ ಪತ್ರಕ್ಕೆ ಸಹಿ ಹಾಕಲಿಲ್ಲ. ಬದಲಿಗೆ ರಿಜಿಸ್ಟರಿನಲ್ಲಿ ಹೊಸ ಕಾಲಂಗಳನ್ನು ಸ್ಕೇಲಿಟ್ಟು ಎಳೆದರು: ಪರೀಕ್ಷಾರ್ಥ ಆಡಿದ ಮಾತು, ಆಡಿದ ಜಾಗದಲ್ಲೇ ಕೇಳಿಸಿತೇ, ಸಾಕ್ಷಿ. ಇದು ನಾಳೆ ಬೆಳಿಗ್ಗೆ ಸರಿಯಾಗಿ ತುಂಬಿ ಬಂದರೆ ಸಹಿ, ಇಲ್ಲದಿದ್ದರೆ ಇಲ್ಲ ಎಂದು ಬರೆದು ತೋರಿಸಿದರು.

ಆ ಸಂಜೆ ಫಕ್ಕೀರಪ್ಪನವರ ಮನೆಯಲ್ಲಿ ಜೋಳದ ರೊಟ್ಟಿ ದಪ್ಪವಾಯಿತೆಂಬ ಜಗಳವಿತ್ತು. ನನ್ನ ಅಡುಗೆಮನೆಯಲ್ಲಿ ಕೂತು ಕೊನೆಯವರೆಗೂ ಕೇಳಿದೆ. ಶಂಕ್ರವ್ವನವರು ಗೆದ್ದರು.

ಶನಿವಾರ ಐದೂವರೆಗೆ ಯಂತ್ರದ ಮುಂದೆ ಕುಳಿತೆ. ಮೊದಲ ವಿಳಾಸದ ನಂತರದ ಜೋಡಿ ಚುಕ್ಕಿಯ ಪಕ್ಕದಲ್ಲಿ ಇನ್ನೊಂದು ಜೋಡಿ ಚುಕ್ಕಿ ಒತ್ತಿದೆ. ನಡುವೆ ಏನೂ ಇಡಲಿಲ್ಲ. ಯಂತ್ರವನ್ನು ಏಳಿಸಿದೆ. ದಾವಲಸಾಬರು ಕೈಸನ್ನೆಯಲ್ಲಿ, ತಾನು ಪಶು ಆಸ್ಪತ್ರೆಯಲ್ಲಿ ನಿಂತಿರುತ್ತೇನೆ, ಹಸಿರು ದೀಪ ಬಂದ ಕೂಡಲೇ ನೀವು ಮಾತಾಡಿ ಎಂದು ತಿಳಿಸಿ ಹೋದರು. ಏನು ಮಾತಾಡಬೇಕೆಂದು ಅವರೂ ಹೇಳಲಿಲ್ಲ, ರಿಜಿಸ್ಟರೂ ಹೇಳಲಿಲ್ಲ. ಒಂದು ಎರಡು ಮೂರು ಎಂದರೂ ಆಗುತ್ತಿತ್ತು. ಹಸಿರು ದೀಪ ಬಂತು. ಹೇಳಿದೆ. ಆ ಕೋಣೆಯಲ್ಲೇ, ನನ್ನ ಎದುರಿಗೇ ಕೇಳಿಸಿತು.

ದಾವಲಸಾಬರು ಓಡುತ್ತಾ ಬಂದರು. "ಅಲ್ಲಿ ಏನೂ ಬರ್ಲಿಲ್ರಿ ಮೇಡಂ. ಎಮ್ಮಿ ಬಿಟ್ಟರ ಮತ್ತೇನೂ ಇಲ್ಲ. ನೀವು ಅಂದ್ರೋ, ಸುಮ್ಮನ ಕುಂತಿದ್ರೋ?"

"ಅಂದೆ."

"ಹಂಗ ಅಂದ್ರ ನಡಿಯೂದಿಲ್ರಿ, ಸಾಕ್ಷಿ ಅಂತ ಬರದಾರ. ನಾ ಇಲ್ಲೇ ನಿಂತ ಕಿವೀಲೆ ಕೇಳಬೇಕು. ಇನ್ನೊಮ್ಮೆ ಅನ್ರಿ."

"ಚನ್ನವೀರ" ಎಂದೆ.

ಕಳೆದ ಚಳಿಗಾಲದವರೆಗೂ ದಾವಲಸಾಬರು ಆ ಹೆಸರಿನವನ ಪಕ್ಕದಲ್ಲೇ ರಿಜಿಸ್ಟರ್ ಹಿಡಿದು ನಿಲ್ಲುತ್ತಿದ್ದವರು. ಕನ್ನಡಕ ಏರಿಸಿ, ಮೊದಲ ಕಾಲಂನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಆ ಹೆಸರನ್ನು ಬರೆದರು. ಎರಡನೆಯದರಲ್ಲಿ ಹೌದು ಎಂದು ಬರೆದರು. ಮೂರನೆಯದರಲ್ಲಿ ತಮ್ಮ ಸಹಿ ಹಾಕಿ, ಶಾಯಿ ಆರಲೆಂದು ಪುಟಕ್ಕೆ ಊದಿದರು.